ನಡತೆ: ತೃಪ್ತಿಕರ

ಶಾಲೆ ಬಿಟ್ಟು ಬೇರೆ ಊರಿಗೆ ಹೋಗುವ ಮಗುವಿಗೆ ಮುಖ್ಯೋಪಾಧ್ಯಾಯರು ಬರೆದುಕೊಡುವ ವರ್ಗಾವಣೆ ಪತ್ರದಲ್ಲಿ, ಹುಟ್ಟಿದ ದಿನಾಂಕ, ತಂದೆಯ ಹೆಸರು, ಓದುತ್ತಿದ್ದ ತರಗತಿ ಮುಂತಾದ ಕಲಮುಗಳ ನಡುವೆ ‘ನಡತೆ’ ಎಂಬುದೂ ಒಂದು ಕಲಮು. ಅದರ ಮುಂದೆ ‘ಉತ್ತಮ’ ಎಂದೋ ‘ತೃಪ್ತಿಕರ’ ಎಂದೋ ಬರೆದು ಮುಗಿಸುವುದು ವಾಡಿಕೆ. ಬರೆಯುವವರು ಅದಕ್ಕಾಗಿ ಯೋಚಿಸುವುದಿಲ್ಲ. ಓದುವವರಂತೂ ಮೊದಲೇ ಯೋಚಿಸುವುದಿಲ್ಲ. ಆದರೆ ಆ ಒಂದು ಅಂಗುಲ ಜಾಗದ ಮುಂದೆ ಲೇಖನಿ ಹಿಡಿದು ಅರ್ಧ ಗಂಟೆ ಸುಮ್ಮನೆ ಕುಳಿತಿದ್ದ ಮುಖ್ಯೋಪಾಧ್ಯಾಯರೊಬ್ಬರನ್ನು ನಾನು ಕಂಡಿದ್ದೇನೆ. ಈ ವಾರದ ಮಾತು ಅವರದು. ಅವರ ಶಾಲೆಯ ಒಬ್ಬ ಹುಡುಗನದು.

ನನ್ನ ವೃತ್ತಿಯನ್ನು ಮೊದಲು ಹೇಳಿಬಿಡುವುದು ಮೇಲು. ನಾನು ವಿಶೇಷ ಶಿಕ್ಷಕ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ — ಈ ನಾಲ್ಕು ತಾಲ್ಲೂಕುಗಳ ಶಾಲೆಗಳಲ್ಲಿ, ೨೦೦೭ರಲ್ಲಿ ಇವು ಕೋಲಾರ ಜಿಲ್ಲೆಯಿಂದ ಬೇರೆಯಾಗುವ ಮುಂಚೆಯೂ ಆಮೇಲೂ, ಬಸ್ಸಿನಲ್ಲಿ ಓಡಾಡಿಕೊಂಡು ಕೆಲಸ ಮಾಡಿದವನು. ಕಣ್ಣು ಕಾಣದ ಮಗುವಿಗೆ ಬ್ರೈಲ್ ಕಲಿಸುವವರೆಂದರೆ ಜನ ಕೈ ಮುಗಿಯುತ್ತಾರೆ. ಕಿವಿ ಕೇಳದ ಮಗುವಿಗೆ ಯಂತ್ರ ಕೊಡಿಸಿದರೆ ಹರಸುತ್ತಾರೆ. ಆದರೆ ಕಣ್ಣು, ಕಿವಿ, ಕೈಕಾಲು ಎಲ್ಲವೂ ನೆಟ್ಟಗಿದ್ದು, ಒಳಗಿನ ದುಃಖವನ್ನೋ ಭಯವನ್ನೋ ಹೊರಲಾರದೆ ಒದೆಯುವ, ಕಚ್ಚುವ, ಮೂಲೆ ಹಿಡಿದು ಮೂಕನಾಗುವ ಮಗುವಿಗಾಗಿ ಹೋಗಿದ್ದೇನೆಂದರೆ, ‘ಅದಕ್ಕೇನು ಕಾಯಿಲೆ ಸಾರ್, ಕೊಬ್ಬು!’ ಎಂಬುದೇ ಉತ್ತರ. ಆ ‘ಕೊಬ್ಬು’ ಎಂಬ ಒಂದು ಮಾತಿನಡಿಯಲ್ಲಿ ನಮ್ಮ ನಾಡಿನಲ್ಲಿ ಎಷ್ಟು ಮಕ್ಕಳು ಹೂತುಹೋಗಿದ್ದಾರೆಂಬುದನ್ನು ಲೆಕ್ಕ ಹಾಕಿದವರಿಲ್ಲ.

ಶಿಡ್ಲಘಟ್ಟ ತಾಲ್ಲೂಕಿನ ಆ ಹುಡುಗ ನಾಲ್ಕನೆಯ ತರಗತಿಯವನು. ನನ್ನನ್ನು ಕರೆಸಿದ ದಿನ ಅವನು ಪಕ್ಕದ ಹುಡುಗಿಯ ಹಣೆಗೆ ಜಾಮಿಟ್ರಿ ಪೆಟ್ಟಿಗೆ ಎಸೆದು ರಕ್ತ ಬರಿಸಿದ್ದ. ಮುಖ್ಯೋಪಾಧ್ಯಾಯರು ಒಳ್ಳೆಯವರು, ಕೈಯೆತ್ತಿ ಹೊಡೆದವರಲ್ಲ. ಆದರೂ ಅಂದು ಅವರ ಸಹನೆ ಮುಗಿದಿತ್ತು.

“ನೋಡಿ ಮೇಷ್ಟ್ರೇ, ಇವನಿಗೆ ಟಿ.ಸಿ. ಕೊಟ್ಟು ಕಳಿಸಿಬಿಡೋಣ. ಮಿಕ್ಕ ಮಕ್ಕಳ ಗತಿಯೇನು?” ಎಂದರು.

“ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕಕೂಡದೆಂದು ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯ ೧೬ನೆಯ ಕಲಮು ಹೇಳುತ್ತದಲ್ಲಾ ಸಾರ್” ಎಂದೆ.

“ಕಾಯಿದೆ ನನಗೂ ಗೊತ್ತು. ಕಾಯಿದೆ ಬಂದು ನನ್ನ ತರಗತಿಯಲ್ಲಿ ಕುಳಿತುಕೊಳ್ಳುತ್ತದೆಯೇ?”

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ರಕ್ತ ಸುರಿದ ಆ ಹುಡುಗಿಯೂ ಮಗುವೇ. ಅವಳ ತಾಯಿ ಶಾಲೆಯ ಬಾಗಿಲಲ್ಲಿ ನಿಂತಿದ್ದಳು. ಆದ್ದರಿಂದ ಎರಡು ವಾರದ ಗಡುವು ಬೇಡಿದೆ. ಅವರು ಒಪ್ಪಿದರು, ಮನಸ್ಸಿನಿಂದಲ್ಲ, ಸೌಜನ್ಯದಿಂದ.

ನಮ್ಮ ಕೆಲಸದಲ್ಲಿ ಮಂತ್ರವಿಲ್ಲ, ಒಂದು ನೋಟುಪುಸ್ತಕವಿದೆ. ಅದರಲ್ಲಿ ಮೂರು ಮನೆ: ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ತರಗತಿಯ ಶಿಕ್ಷಕಿ ಬೇಸರವಿಲ್ಲದೆ ಅದನ್ನು ಬರೆದಿಟ್ಟರು. ಎರಡು ವಾರದಲ್ಲಿ ಹನ್ನೊಂದು ರಂಪ. ತೆಗೆದು ನೋಡಿದರೆ ಅವುಗಳಲ್ಲಿ ಒಂಬತ್ತು ಕೊನೆಯ ಪೀರಿಯಡ್ಡಿನವು. ಬೆಳಗ್ಗೆ ಲೆಕ್ಕ ಮಾಡುವ ಹುಡುಗ, ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಒಂದನೆಯ ತರಗತಿಯ ಚಿಕ್ಕವರ ತಟ್ಟೆ ತೊಳೆದುಕೊಡುವ ಹುಡುಗ, ಮನೆಗೆ ಹೋಗುವ ಗಂಟೆ ಹತ್ತಿರವಾದಂತೆ ಹುಲಿಯಾಗುತ್ತಿದ್ದ. ಒಂದು ಗುರುವಾರ ಮಾತ್ರ ಏನೂ ನಡೆದಿರಲಿಲ್ಲ. ವಿಚಾರಿಸಿದರೆ, ಅಂದು ರೇಷ್ಮೆ ಬಿಚ್ಚಾಣಿಕೆಯ ಘಟಕಕ್ಕೆ ರಜೆ, ತಾಯಿ ಮನೆಯಲ್ಲಿದ್ದಳು.

ಕಥೆಯ ಉಳಿದ ಭಾಗವನ್ನು ವಾಚಕರೇ ಊಹಿಸಿಕೊಳ್ಳಬಹುದು. ತಂದೆ ಹಿಂದಿನ ವರ್ಷ ಮನೆ ಬಿಟ್ಟು ಹೋದವನು ಮರಳಿರಲಿಲ್ಲ. ತಾಯಿ ಬಿಸಿನೀರಿನ ಬಾಣಲೆಯ ಮುಂದೆ ಗೂಡಿನ ಎಳೆ ಹುಡುಕುತ್ತ ನಿಂತರೆ ಮನೆ ಸೇರುತ್ತಿದ್ದುದು ಕತ್ತಲಾದ ಮೇಲೆ. ಬೀಗ ಹಾಕಿದ ಬಾಗಿಲ ಮುಂದೆ ಈ ಹುಡುಗ ಕುಳಿತಿರಬೇಕು. ತಂದೆ ಬಾರದೆ ಹೋದಂತೆ ಒಂದು ದಿನ ತಾಯಿಯೂ ಬಾರದೆ ಹೋದರೆ? ದೊಡ್ಡವರಿಗೇ ಬಾಯಿಬಿಟ್ಟು ಹೇಳಲಾಗದ ಈ ಭಯವನ್ನು ಒಂಬತ್ತು ವರ್ಷದ ಹುಡುಗ ಹೇಗೆ ಹೇಳಿಯಾನು? ಹುಡುಗರಲ್ಲಿ ಭಯವು ಅನೇಕ ವೇಳೆ ಕೋಪದ ವೇಷ ಹಾಕಿಕೊಂಡೇ ಹೊರಗೆ ಬರುತ್ತದೆ. ನಾವು ವೇಷಕ್ಕೆ ಹೊಡೆಯುತ್ತೇವೆ. ಒಳಗಿನದು ಇನ್ನಷ್ಟು ಹೆದರುತ್ತದೆ.

ಲಂಡನ್ನಿನ ವೈದ್ಯ ಜಾನ್ ಬೌಲ್ಬಿ ೧೯೪೪ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನನಗೆ ನೆನಪಾಗುತ್ತದೆ. ಕಳ್ಳತನ ಮಾಡಿ ಸಿಕ್ಕಿಬಿದ್ದ ೪೪ ಮಕ್ಕಳ ಬಾಳನ್ನು ಅವನು ವಿಚಾರಿಸಿದ. ಯಾರ ಮೇಲೂ ಮಮತೆಯಿಲ್ಲದವರಂತೆ ತೋರಿದ ೧೪ ಮಕ್ಕಳಲ್ಲಿ ೧೨ ಮಂದಿ ಎಳೆತನದಲ್ಲಿ ತಾಯಿಯಿಂದ ದೀರ್ಘಕಾಲ ಅಗಲಿದ್ದವರು. ಇದನ್ನೇ ಹಿಡಿದು ದುಡಿಯುವ ತಾಯಂದಿರನ್ನು ದೂಷಿಸುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅದು ಅನ್ಯಾಯ. ಶಿಡ್ಲಘಟ್ಟದ ಆ ತಾಯಿ ಕೆಲಸಕ್ಕೆ ಹೋಗದಿದ್ದರೆ ಒಲೆ ಉರಿಯುತ್ತಿರಲಿಲ್ಲ. ಮಗುವಿಗೆ ಬೇಕಾದುದು ಇಡೀ ದಿನ ಪಕ್ಕದಲ್ಲಿರುವ ತಾಯಿಯಲ್ಲ. ಬಂದೇ ಬರುತ್ತಾಳೆಂಬ ನೆಚ್ಚಿಕೆ, ಅವಳು ಬರುವವರೆಗೆ ಜೊತೆಗಿರುವ ಒಬ್ಬರು ದೊಡ್ಡವರು.

ಆಕೆಯನ್ನು ಶಾಲೆಗೆ ಕರೆಸಿದೆವು. ಬಂದವಳು ಕುಳಿತುಕೊಳ್ಳಲಿಲ್ಲ. ಕರೆಸಿದಾಗಲೆಲ್ಲ ದೂರನ್ನೇ ಕೇಳಿದವಳು ಅವಳು. “ಏನು ಮಾಡಿದ ಸಾರ್ ಈ ಸಲ?” ಎಂದಳು. “ಚಿಕ್ಕ ಮಕ್ಕಳ ತಟ್ಟೆ ತೊಳೆದುಕೊಡುತ್ತಾನಮ್ಮ, ಯಾರೂ ಹೇಳದೆ” ಎಂದೆ. ಆಕೆ ನನ್ನ ಮುಖವನ್ನು ನೋಡಿದಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಕುಳಿತಳು. ಮಾತು ನಡೆದುದು ಆಮೇಲೆ.

ಏರ್ಪಾಟು ಬಹಳ ಸಣ್ಣದು. ಕೊನೆಯ ಗಂಟೆ ಬಾರಿಸುವ ಕೆಲಸ ಅವನಿಗೆ. ಗಂಟೆಯ ನಂತರ ಐದೂವರೆಯವರೆಗೆ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಕುಳಿತು ಬರೆಯಬಹುದು. ಅಲ್ಲಿಂದ ಬಿಸಿಯೂಟದ ಅಡುಗೆಯಮ್ಮನ ಮನೆ. ತಾಯಿ ಅಲ್ಲಿಗೇ ಬಂದು ಕರೆದೊಯ್ಯುವುದು. ಕೋಪ ಏರಿದರೆ ಯಾರನ್ನೂ ಕೇಳದೆ ಎದ್ದು ಹೋಗಿ ಅಂಗಳದ ಹೊಂಗೆಯ ಮರದ ಕೆಳಗೆ ನಿಲ್ಲಬಹುದು, ಇಳಿದ ಮೇಲೆ ತಾನಾಗಿ ಬರಬಹುದು. ಪೆಟ್ಟು ತಿಂದ ಹುಡುಗಿಗೆ ಬೇರೆ ಕಡೆ ಜಾಗ. ಅವಳ ತಾಯಿಗೆ ನಮ್ಮಿಂದ ತಪ್ಪೊಪ್ಪಿಗೆ. ಆ ಹುಡುಗ ಅವಳ ಹರಿದ ಪುಸ್ತಕಕ್ಕೆ ತಾನೇ ರಟ್ಟು ಹಾಕಿಕೊಟ್ಟ. ಕ್ಷಮೆಯನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಅದು ವಾಸಿ.

ಮೊದಲ ಮೂರು ವಾರ ಎಲ್ಲವೂ ಕೆಟ್ಟಿತು. ರಂಪ ಹೆಚ್ಚಿತು. ಇದೂ ನಿರೀಕ್ಷಿತವೇ. ಮೊದಲ ಮಹಾಯುದ್ಧ ಮುಗಿದ ಮೇಲೆ ವಿಯೆನ್ನದ ಬಳಿ ದಾರಿ ತಪ್ಪಿದ ಹುಡುಗರಿಗಾಗಿ ಮನೆಯೊಂದನ್ನು ನಡೆಸಿದ ಆಗಸ್ಟ್ ಐಖ್‌ಹಾರ್ನ್ ಎಂಬ ಉಪಾಧ್ಯಾಯ, ಎಲ್ಲರಿಗಿಂತ ಉಗ್ರರಾದ ಹನ್ನೆರಡು ಹುಡುಗರನ್ನು ಒಂದು ಗುಂಪು ಮಾಡಿ, ಶಿಕ್ಷೆಯಿಲ್ಲದೆ ಇಟ್ಟುಕೊಂಡ. ಅವರು ಮೇಜು ಕುರ್ಚಿಗಳನ್ನು ಮುರಿದರು, ಕಿಟಕಿಗಳನ್ನು ಒಡೆದರು. ಈ ದೊಡ್ಡವರು ಎಲ್ಲಿಯವರೆಗೆ ತಾಳುತ್ತಾರೆಂದು ಪರೀಕ್ಷಿಸಿ ಪರೀಕ್ಷಿಸಿ, ಕೊನೆಗೆ ಅತ್ತು, ಆಮೇಲೆ ತಣ್ಣಗಾದರು. ೧೯೨೫ರಲ್ಲಿ ಅವನು ಬರೆದ ಪುಸ್ತಕಕ್ಕೆ ಫ್ರಾಯ್ಡ್ ಮುನ್ನುಡಿ ಬರೆದ. ಇದನ್ನೆಲ್ಲ ನಾನು ಮುಖ್ಯೋಪಾಧ್ಯಾಯರಿಗೆ ಹೇಳಿದೆ. ಅವರು ಕೇಳಿಸಿಕೊಂಡರು, ವಿಯೆನ್ನದ ಮಾತು ಅವರಿಗೆ ಹಿಡಿಸಿದಂತೆ ಕಾಣಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ತಾವೇ ಒಂದು ಮಾತು ಹೇಳಿದರು.

“ನಮ್ಮದು ರೇಷ್ಮೆ ಸಾಕಿದ ಮನೆ ಮೇಷ್ಟ್ರೇ. ಹುಳು ಜ್ವರಕ್ಕೆ ಕುಳಿತಾಗ ನಮ್ಮ ತಾಯಿ ತಟ್ಟೆ ಮುಟ್ಟುವುದಕ್ಕೆ ಬಿಡುತ್ತಿರಲಿಲ್ಲ. ಸೊಪ್ಪೂ ಹಾಕುತ್ತಿರಲಿಲ್ಲ. ಎದ್ದ ಮೇಲೆ ಹಾಕಿದರೆ ಆಯಿತು ಅನ್ನುತ್ತಿದ್ದರು.”

ರೇಷ್ಮೆ ಕಾಣದ ವಾಚಕರಿಗೆ ಒಂದು ವಿವರಣೆ. ರೇಷ್ಮೆಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಕಳಚುತ್ತದೆ. ತಲೆಯೆತ್ತಿ ಅಲುಗದೆ ನಿಲ್ಲುವ ಆ ಸಮಯವನ್ನೇ ನಮ್ಮ ಸೀಮೆಯವರು ಜ್ವರ ಎನ್ನುವುದು. ಒಂದು ದಿನದ ಆಜುಬಾಜು ಅದು ತಿನ್ನುವುದಿಲ್ಲ. ಆಗ ಕೆದಕಿದರೆ ಹುಳು ಕೆಡುತ್ತದೆ. ಬಲ್ಲವರು ಹಾಸನ್ನು ಒಣಗಿಸಿ, ಗಾಳಿಯಾಡಲು ಬಿಟ್ಟು, ಕಾಯುತ್ತಾರೆ. ಬುದ್ಧಿ ಹೇಳುವುದು, ಕಾರಣ ಕೇಳುವುದು, ‘ಮಾಡುತ್ತೀಯಾ ಇನ್ನೊಂದು ಸಲ?’ ಎಂದು ಗದರುವುದು — ಇವೆಲ್ಲ ಜ್ವರದ ಹುಳುವಿಗೆ ಸೊಪ್ಪು ಹಾಕಿದಂತೆ. ಕೋಪದ ತುದಿಯಲ್ಲಿರುವ ಮಗುವಿಗೆ ಯಾವ ಪಾಠವೂ ಹತ್ತುವುದಿಲ್ಲ. ಬೇರೆಯವರಿಗೆ ಪೆಟ್ಟಾಗದಂತೆ ನೋಡಿಕೊಂಡು, ಮಾತು ಕಡಿಮೆ ಮಾಡಿ, ಬಳಿಯಲ್ಲಿರಬೇಕು. ಪಾಠ ಎದ್ದ ಮೇಲೆ. ನಾನು ತರಬೇತಿಯಲ್ಲಿ ತಿಂಗಳುಗಟ್ಟಲೆ ಕಲಿತುದನ್ನು ಆ ಮುಖ್ಯೋಪಾಧ್ಯಾಯರು ತಮ್ಮ ತಾಯಿಯ ಹುಳುಮನೆಯಲ್ಲಿ ಎಂದೋ ಕಲಿತಿದ್ದರು. ಅದನ್ನು ಶಾಲೆಯೊಳಗೆ ತರಬಹುದೆಂದು ಮಾತ್ರ ಯಾರೂ ಅವರಿಗೆ ಹೇಳಿರಲಿಲ್ಲ. ಅಂದಿನಿಂದ ಅವರು ನೋಟುಪುಸ್ತಕದಲ್ಲಿ ‘ಇಂದು ಜ್ವರ, ೩-೪೦ರಿಂದ ೩-೫೫’ ಎಂದು ಬರೆಯತೊಡಗಿದರು.

ನನಗೆ ಈ ತಾಳ್ಮೆ ಹುಟ್ಟಿನಿಂದ ಬಂದುದಲ್ಲ. ವೃತ್ತಿಯ ಮೊದಲ ವರ್ಷಗಳಲ್ಲಿ ಬೇರೊಂದು ಶಾಲೆಯಲ್ಲಿ, ನನ್ನ ಮೇಲೆ ಪುಸ್ತಕ ಎಸೆದ ಏಳನೆಯ ತರಗತಿಯ ಹುಡುಗನನ್ನು, ‘ತಪ್ಪಾಯಿತು ಎನ್ನುವವರೆಗೆ ಒಳಗೆ ಬರಬೇಡ’ ಎಂದು ಬಾಗಿಲ ಹೊರಗೆ ನಿಲ್ಲಿಸಿದೆ. ಅವನು ಸಂಜೆಯವರೆಗೆ ನಿಂತ. ಆ ಮಾತು ಆಡಲಿಲ್ಲ. ಮರುದಿನ ಶಾಲೆಗೆ ಬರಲಿಲ್ಲ, ಮತ್ತೆಂದೂ ಬರಲಿಲ್ಲ. ಮೂರು ವರ್ಷದ ಮೇಲೆ ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಕ್ರೇಟು ಹೊರುತ್ತಿದ್ದ ಯುವಕನೊಬ್ಬ ಹೊರೆಯನ್ನು ಇಳಿಸಿ, “ನಮಸ್ಕಾರ ಸಾರ್” ಎಂದ. ಅವನ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ಶಿಕ್ಷಣ ಹಕ್ಕಿನ ಕಾಯಿದೆಯ ೧೭ನೆಯ ಕಲಮು ನಿಷೇಧಿಸಿದೆ. ನಾನು ಅವನನ್ನು ಮುಟ್ಟಿರಲಿಲ್ಲ, ನಿಜ. ಮುಟ್ಟದೆಯೂ ಹೊಡೆಯಬಹುದು.

ಎಸೆಯುವ ಮಗುವನ್ನು ಎಲ್ಲರೂ ನೋಡುತ್ತಾರೆ. ಸುಮ್ಮನಿರುವ ಮಗುವನ್ನು ಯಾರೂ ನೋಡುವುದಿಲ್ಲ. ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಎರಡನೆಯ ತರಗತಿಯ ಹುಡುಗಿಯೊಬ್ಬಳು ಶಾಲೆಗೆ ಸೇರಿದಂದಿನಿಂದ ಒಂದು ಮಾತನ್ನೂ ಆಡಿರಲಿಲ್ಲ. ‘ಬಹಳ ಒಳ್ಳೆಯ ಹುಡುಗಿ, ತೊಂದರೆಯೇ ಇಲ್ಲ’ ಎಂದರು ಶಿಕ್ಷಕರು. ತಂದೆತಾಯಿ ಬೆಂಗಳೂರಿನ ಕಟ್ಟಡದ ಕೆಲಸದಲ್ಲಿ. ಮಗು ಅಜ್ಜಿಯ ಬಳಿ. ಆ ಮನೆಯ ಮಾತು ತೆಲುಗು. ನಮ್ಮ ಗಡಿಸೀಮೆಯಲ್ಲಿ ಎಷ್ಟೋ ಮನೆಗಳಲ್ಲಿ ಅಳುವುದು, ನಗುವುದು, ಬೈಯುವುದು ಎಲ್ಲವೂ ತೆಲುಗಿನಲ್ಲಿ. ಶಾಲೆಯ ಪಾಠ ಕನ್ನಡದಲ್ಲಿ. ಕಲಿತರೆ ಎರಡೂ ಬರುತ್ತವೆ, ಅದೊಂದು ಸಂಪತ್ತೇ. ಆದರೆ ಹೆದರಿದ ಮಗುವಿಗೆ ಹೊಸಿಲು ಎತ್ತರವಾಗುತ್ತದೆ. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಹುಡುಗಿ ಶಾಲೆಯಲ್ಲಿ ಮೂಕಿ. ನಾವು ‘ಮಾತಾಡು’ ಎನ್ನುವುದನ್ನೇ ಬಿಟ್ಟೆವು. ಮೊದಲು ತಲೆಯಾಡಿಸುವುದು, ಆಮೇಲೆ ಗೆಳತಿಯ ಕಿವಿಯಲ್ಲಿ ಪಿಸುಮಾತು, ಆಮೇಲೆ ಹೊರಗಿನ ಜಗಲಿಯಲ್ಲಿ ತೆಲುಗಿನಲ್ಲೇ ಒಂದು ಕಥೆ. ತರಗತಿಯಲ್ಲಿ ಅವಳು ‘ಬಂದೆ ಮಿಸ್’ ಎಂದು ಹಾಜರಿ ಹೇಳಿದುದು ಮರುವರ್ಷದ ದೀಪಾವಳಿಯ ನಂತರ. ಶಿಕ್ಷಕಿ ಹಾಜರಿ ಪುಸ್ತಕದಿಂದ ಕಣ್ಣೆತ್ತದೆ ಮುಂದಿನ ಹೆಸರು ಕರೆದರು. ಅದು ಅವರ ಜಾಣ್ಮೆ. ಚಪ್ಪಾಳೆ ತಟ್ಟಿದ್ದರೆ ಆ ದನಿ ಮತ್ತೆ ಒಳಗೆ ಹೋಗುತ್ತಿತ್ತು.

ಗೌರಿಬಿದನೂರಿನ ಕಡೆ ಇನ್ನೊಂದು ಪ್ರಸಂಗ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ವಾರಕ್ಕೊಮ್ಮೆ ತರಗತಿಯಲ್ಲಿ ಮೂರ್ಛೆ ಹೋಗುತ್ತಿದ್ದಳು. ಗಾಳಿ ಸೋಕಿದೆಯೆಂದು ಯಂತ್ರ ಕಟ್ಟಿಸಿದ್ದರು. ಅದೇ ತಾಲ್ಲೂಕಿನ ಹೊಸೂರಿನಲ್ಲಿ ೧೯೨೦ರಲ್ಲಿ ಹುಟ್ಟಿ, ಓದಬೇಕೆಂಬ ಹಂಬಲದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದ ಎಚ್. ನರಸಿಂಹಯ್ಯನವರು, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, ೧೯೭೬ರಲ್ಲಿ, ಪವಾಡಗಳನ್ನು ಪರೀಕ್ಷಿಸುವ ಸಮಿತಿಯನ್ನೇ ರಚಿಸಿದರು. ಕಾರಣ ಕೇಳದೆ ಯಾವುದನ್ನೂ ಒಪ್ಪಬೇಡಿರೆಂಬುದು ಅವರ ಬಾಳಿನ ಪಾಠ. ಆ ಪಾಠವನ್ನು ಅವರ ನೆಲದಲ್ಲೇ ಮರೆಯಬಾರದಲ್ಲ! ಮೊದಲು ವೈದ್ಯರ ಬಳಿ ಕಳಿಸಿ ಅಪಸ್ಮಾರವಲ್ಲವೆಂದು ಖಚಿತ ಮಾಡಿಕೊಂಡೆವು. ಆಮೇಲೆ ಶಿಕ್ಷಕಿಯೊಬ್ಬರು ಅವಳೊಡನೆ ನಿತ್ಯ ಹತ್ತು ನಿಮಿಷ ಕುಳಿತರು, ಏನನ್ನೂ ಕೇಳದೆ. ಹನ್ನೆರಡನೆಯ ದಿನ ಹುಡುಗಿ ಹೇಳಿದಳು: ಮನೆಯಲ್ಲಿ ಮದುವೆಯ ಮಾತು ನಡೆಯುತ್ತಿದೆ. ಬಾಯಿ ಹೇಳಲಾರದುದನ್ನು ಮೈ ಹೇಳುತ್ತಿತ್ತು. ಹದಿನೆಂಟು ತುಂಬದ ಹುಡುಗಿಯ ಮದುವೆ ೨೦೦೬ರ ಕಾಯಿದೆಯಂತೆ ಅಪರಾಧ. ಮಕ್ಕಳ ಸಹಾಯವಾಣಿ ೧೦೯೮ ಇರುವುದು ಇಂಥದಕ್ಕೇ. ಮದುವೆ ನಿಂತಿತು. ಮೂರ್ಛೆ ಅದೇ ದಿನ ನಿಲ್ಲಲಿಲ್ಲ, ಕ್ರಮೇಣ ನಿಂತಿತು.

ಇನ್ನು ನಮ್ಮ ವ್ಯವಸ್ಥೆಯ ವಿಷಯ. ಬೆಂಗಳೂರಿನಲ್ಲಿ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಪ್ರಾರಂಭವಾಯಿತು. ೧೯೭೪ರಲ್ಲಿ ಅದು ಹಳೆಯ ಮಾನಸಿಕ ಆಸ್ಪತ್ರೆಯೊಡನೆ ಸೇರಿ ನಿಮ್ಹಾನ್ಸ್ ಆಯಿತು. ಹಳ್ಳಿಗೆ ಮನೋವೈದ್ಯವನ್ನು ಒಯ್ಯುವ ಪ್ರಯೋಗ ೧೯೮೦ರ ದಶಕದಲ್ಲಿ ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ ನಡೆದು, ೧೯೯೬ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿ-ಮಾನಸ್ ದೂರವಾಣಿಯ ಸಂಖ್ಯೆ ೧೪೪೧೬. ಹಳ್ಳಿಯ ಶಿಕ್ಷಕರೂ ತಂದೆತಾಯಿಯರೂ ಕರೆಮಾಡಿ ಸಲಹೆ ಕೇಳಬಹುದು. ಇಷ್ಟೆಲ್ಲ ಇದೆ. ಆದರೆ ಶಾಲೆಯ ಕಡೆ ತಿರುಗಿದರೆ ಒಂದು ತೆರಪು ಕಾಣುತ್ತದೆ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ೨೧ ಬಗೆಗಳಿವೆ. ಮಾನಸಿಕ ಅಸ್ವಸ್ಥತೆ, ಆಟಿಸಂ, ಕಲಿಕೆಯ ನ್ಯೂನತೆ ಎಲ್ಲ ಅಲ್ಲಿ ಸೇರಿವೆ. ಆದರೆ ಅಮೆರಿಕದ ೧೯೭೫ರ ಶಿಕ್ಷಣ ಕಾಯಿದೆ ಭಾವನಾತ್ಮಕ ತೊಂದರೆಯನ್ನು ವಿಶೇಷ ಶಿಕ್ಷಣದ ಪ್ರತ್ಯೇಕ ವರ್ಗವಾಗಿ ಹೆಸರಿಸಿದಂತೆ ನಮ್ಮಲ್ಲಿ ಹೆಸರಿಸಿಲ್ಲ. ಬೀಗ ಹಾಕಿದ ಬಾಗಿಲ ಮುಂದೆ ಹೆದರಿ ಕೂರುವ ಹುಡುಗ ಯಾವ ಪಟ್ಟಿಗೂ ಬರುವುದಿಲ್ಲ. ಪಟ್ಟಿಗೆ ಬಾರದವನಿಗೆ ಪ್ರಮಾಣಪತ್ರವಿಲ್ಲ. ಪ್ರಮಾಣಪತ್ರವಿಲ್ಲದವನಿಗಾಗಿ ವಿಶೇಷ ಶಿಕ್ಷಕರ ಲೆಕ್ಕವಿಲ್ಲ. ವಿಶೇಷ ಅಗತ್ಯದ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಹತ್ತಕ್ಕೊಬ್ಬರು, ಮೇಲಿನ ಹಂತದಲ್ಲಿ ಹದಿನೈದಕ್ಕೊಬ್ಬರು ಶಿಕ್ಷಕರಿರಬೇಕೆಂದು ಸರ್ವೋಚ್ಚ ನ್ಯಾಯಾಲಯ ೨೦೨೧ರಲ್ಲಿ ಹೇಳಿತು. ಆ ಹತ್ತರ ಎಣಿಕೆಯಲ್ಲಿ ಈ ಹುಡುಗನನ್ನು ಎಣಿಸುವವರು ಯಾರು?

ಹಾಗೆಂದು ಅವನ ಹಣೆಗೆ ಹೊಸದೊಂದು ಹೆಸರಿನ ಚೀಟಿ ಅಂಟಿಸಬೇಕೆಂಬ ಹಟ ನನಗಿಲ್ಲ. ಹೆಸರು ನೆರವು ತರುವಂತೆ ಕಳಂಕವನ್ನೂ ತರುತ್ತದೆ. ಪ್ರತಿ ಶಾಲೆಯಲ್ಲಿ ಒಬ್ಬರಿಗಾದರೂ ಆ ಮೂರು ಮನೆಯ ನೋಟುಪುಸ್ತಕ ಬರೆಯಲು ಬರಬೇಕು, ಅದಕ್ಕೆ ಬಿಡುವು ಸಿಗಬೇಕು, ತಮ್ಮ ಕೈಮೀರಿದಾಗ ಆಸ್ಪತ್ರೆಗೆ ಕಳಿಸುವ ದಾರಿ ತಿಳಿದಿರಬೇಕು ಎಂಬಷ್ಟೇ ನನ್ನ ಆಸೆ.

ಶಿಡ್ಲಘಟ್ಟದ ಹುಡುಗನ ಕಥೆ ಎಲ್ಲಿಗೆ ಬಂತು? ಅವನೇನು ಸಾಧುವಾಗಲಿಲ್ಲ. ವರ್ಷದ ಕೊನೆಯಲ್ಲೂ ತಿಂಗಳಿಗೊಂದೆರಡು ಸಲ ಜ್ವರ ಬರುತ್ತಿತ್ತು. ಆದರೆ ಪೆಟ್ಟಿಗೆ ಹಾರುವ ಬದಲು ಹುಡುಗನೇ ಎದ್ದು ಹೊಂಗೆಯ ಮರದತ್ತ ಹೋಗುತ್ತಿದ್ದ. ಅಷ್ಟರಲ್ಲಿ ತಾಯಿಗೆ ರಾಮನಗರದಲ್ಲಿ, ಅಣ್ಣನ ಮನೆಯ ಬಳಿ, ಕೆಲಸ ಸಿಕ್ಕಿತು. ವರ್ಗಾವಣೆ ಪತ್ರ ಕೇಳಲು ಬಂದಳು. ಹಿಂದೆ ಯಾವ ಪತ್ರವನ್ನು ಕೊಟ್ಟು ಕಳಿಸಿಬಿಡಲು ಮುಖ್ಯೋಪಾಧ್ಯಾಯರು ಆತುರಪಟ್ಟಿದ್ದರೋ ಅದೇ ಪತ್ರವನ್ನು ಈಗ ಬರೆಯಲು ಅವರ ಕೈ ಏಳಲಿಲ್ಲ. ‘ನಡತೆ’ಯ ಮುಂದೆ ಲೇಖನಿ ನಿಂತುಬಿಟ್ಟಿತು.

“ಉತ್ತಮ ಎಂದು ಬರೆದರೆ ಆ ಶಾಲೆಯವರಿಗೆ ಸುಳ್ಳು ಹೇಳಿದಂತೆ. ಬೇರೆ ಏನು ಬರೆದರೂ ಇವನಿಗೆ ಅನ್ಯಾಯ” ಎಂದರು.

ಕೊನೆಗೆ ‘ತೃಪ್ತಿಕರ’ ಎಂದು ಬರೆದರು. “ಯಾರಿಗೆ ತೃಪ್ತಿ ಸಾರ್?” ಎಂದೆ ನಗುತ್ತ. “ನನಗೆ” ಎಂದರು, ನಗದೆ. ಆಮೇಲೆ ಬೇರೊಂದು ಹಾಳೆ ತೆಗೆದು ಹೊಸ ಶಾಲೆಯ ಮುಖ್ಯೋಪಾಧ್ಯಾಯರಿಗೆ ನಾಲ್ಕು ಸಾಲು ಬರೆದರು: ಹುಡುಗನಿಗೆ ಸಂಜೆಯ ಹೊತ್ತು ಕಷ್ಟ, ತಾಯಿ ಬರುವ ವೇಳೆ ಮೊದಲೇ ತಿಳಿಸಿದರೆ ಅನುಕೂಲ, ಗಂಟೆ ಬಾರಿಸುವ ಕೆಲಸ ಕೊಟ್ಟು ನೋಡಿ, ಕೋಪ ಬಂದಾಗ ನಮ್ಮಲ್ಲಿ ಒಂದು ಮರದ ಕೆಳಗೆ ನಿಲ್ಲುವುದು ರೂಢಿ. ಅದನ್ನು ತಾಯಿಗೆ ಓದಿ ಹೇಳಿ, ಅವಳ ಒಪ್ಪಿಗೆ ಪಡೆದು, ಮಡಚಿ ಕೊಟ್ಟರು.

ಹದಿನೈದು ದಿನದ ಮೇಲೆ ರಾಮನಗರದಿಂದ ಫೋನು ಬಂತಂತೆ. ದೂರಿರಬಹುದೆಂದು ನಮ್ಮ ಮುಖ್ಯೋಪಾಧ್ಯಾಯರು ಎದೆ ಗಟ್ಟಿಮಾಡಿಕೊಂಡೇ ಎತ್ತಿದರಂತೆ. ಆ ಕಡೆಯವರು ಕೇಳಿದುದು ಇಷ್ಟೇ:

“ಸಾರ್, ನಿಮ್ಮಲ್ಲಿದ್ದದ್ದು ಯಾವ ಮರ? ನಮ್ಮ ಅಂಗಳದಲ್ಲಿ ಬೇವು ಒಂದೇ ಇರುವುದು. ನಡೆದೀತೇ?”